ಲಯ ಕೆಡದಂತೆ ದನಿ ಏರಿಸುವುದು: ಹಳೆಯ ವಿ8 ಮಸಲ್ ಕಾರಿನ ಎಕ್ಸಾಸ್ಟ್ ಕೆಲಸ

2023ರ ಡಿಸೆಂಬರ್‌ನಲ್ಲಿ ಡಾಡ್ಜ್ ಕಂಪನಿ ವಿ8 ಎಂಜಿನ್ನಿನ ಚಾಲೆಂಜರ್ ಕಾರನ್ನು ತಯಾರಿಸುವುದನ್ನು ನಿಲ್ಲಿಸಿತು. ಮುಂದಿನ ಪೀಳಿಗೆಗೆಂದು ಅದು ಮಾಡಿದ ಚಾರ್ಜರ್ ಡೇಟೋನಾ ಬ್ಯಾಟರಿಯಲ್ಲಿ ಓಡುವ ಕಾರು. ಹೊಗೆಯೇ ಇಲ್ಲದ ಆ ಕಾರಿಗೂ, 2022ರಲ್ಲಿ ಮಾದರಿಯನ್ನು ತೋರಿಸುವಾಗ, 126 ಡೆಸಿಬೆಲ್‌ವರೆಗೆ ಸದ್ದು ಮಾಡುವ ಯಂತ್ರವೊಂದನ್ನು ಕಂಪನಿ ಜೋಡಿಸಿತ್ತು. ಮಸಲ್ ಕಾರನ್ನು, ಅಂದರೆ ದೊಡ್ಡ ಎಂಜಿನ್ನಿನ ಬಲಶಾಲಿ ಅಮೆರಿಕನ್ ಕಾರನ್ನು, ಕೊಳ್ಳುವವರಿಗೆ ಸದ್ದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಹೊಸ ವಿ8ಗಳು ಅಪರೂಪವಾದಷ್ಟೂ ಹಳೆಯ ಕಾರುಗಳ ಮೇಲಿನ ಆಸೆ ಹೆಚ್ಚಾಗಿದೆ. 1964ರ ಪಾಂಟಿಯಾಕ್ ಜಿಟಿಒದಿಂದ ಶುರುವಾಯಿತೆಂದು ಹೇಳುವ ಈ ಸಂತತಿಯಲ್ಲಿ ಕಮಾರೋ, ಶೆವೆಲ್, ಮಸ್ಟ್ಯಾಂಗ್, ರೋಡ್ ರನ್ನರ್ ಎಲ್ಲವೂ ಬರುತ್ತವೆ. ಇಂಥದ್ದೊಂದನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ: ಸದ್ದು ಇನ್ನಷ್ಟು ಜೋರಾಗಬೇಕು, ಆದರೆ ಆ ಹಳೆಯ ಗುಡುಗು ಹಾಗೇ ಉಳಿಯಬೇಕು, ಏನು ಮಾಡಲಿ? ಸೈಲೆನ್ಸರ್ ಕಿತ್ತುಹಾಕಿದರೆ ಸದ್ದು ಜೋರಾಗುವುದೇನೋ ನಿಜ. ಆದರೆ ಉಳಿಯುವುದು ಗುಡುಗಲ್ಲ, ತಗಡು ಹರಿದಂಥ ಸದ್ದು. ಏಕೆ ಹಾಗೆ ಎಂದು ತಿಳಿಯಲು ಎಂಜಿನ್ನಿನಿಂದಲೇ ಆರಂಭಿಸಬೇಕು. ಉದಾಹರಣೆಗೆ 350 ಘನ ಇಂಚಿನ, ಅಂದರೆ 5.7 ಲೀಟರಿನ ಷೆವ್ರೊಲೆ ಎಂಜಿನ್ ಇರುವ 1969ರ ಕಮಾರೋವನ್ನು ತೆಗೆದುಕೊಳ್ಳೋಣ.

ಗುಡುಗು ಹುಟ್ಟುವ ಜಾಗ

ವಿ8 ಎಂದರೆ ಇಂಗ್ಲಿಷ್ ‘ವಿ’ ಆಕಾರದಲ್ಲಿ ಎರಡು ಸಾಲು, ಸಾಲಿಗೆ ನಾಲ್ಕು ಸಿಲಿಂಡರ್. ಷೆವ್ರೊಲೆಯಲ್ಲಿ ಎಡ ಸಾಲಿನವು 1, 3, 5, 7. ಬಲ ಸಾಲಿನವು 2, 4, 6, 8. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಎಂಟೂ ಸಿಲಿಂಡರ್‌ಗಳು ಒಂದೊಂದು ಸಲ ಸಿಡಿಯುತ್ತವೆ. ಎರಡು ಸುತ್ತು ಅಂದರೆ 720 ಡಿಗ್ರಿ. ಹಾಗಾಗಿ 90 ಡಿಗ್ರಿಗೊಂದು ಸಿಡಿತ. ಸಿಡಿಯುವ ಕ್ರಮ 1-8-4-3-6-5-7-2.

ಈ ಕ್ರಮವನ್ನು ಸಾಲುಗಳ ಲೆಕ್ಕದಲ್ಲಿ ನೋಡಿದರೆ ಎಡ, ಬಲ, ಬಲ, ಎಡ, ಬಲ, ಎಡ, ಎಡ, ಬಲ. ಒಟ್ಟು ಎಂಜಿನ್ನಿಗೆ ಸಿಡಿತಗಳು ಸಮಾನ ಅಂತರದಲ್ಲೇ ಬಿದ್ದರೂ ಒಂದೊಂದು ಸಾಲಿನ ಪೈಪಿಗೆ ಸಮಾನವಾಗಿ ಬೀಳುವುದಿಲ್ಲ. ಎಡ ಪೈಪಿನಲ್ಲಿ ಅಂತರಗಳು 270, 180, 90, 180 ಡಿಗ್ರಿ. 90 ಡಿಗ್ರಿಯನ್ನು ಒಂದು ಅಕ್ಷರವೆಂದು ಎಣಿಸಿ ಕೈಯಲ್ಲಿ ತಾಳ ಹಾಕಿ ನೋಡಿ: ತಕಿಟ – ತಕ – ತ – ತಕ. ಮೂರು, ಎರಡು, ಒಂದು, ಎರಡು. ಒಟ್ಟು ಎಂಟು ಅಕ್ಷರ. ಪ್ರತಿ ತುಂಡಿನ ಮೊದಲ ‘ತ’ ಬಿದ್ದಾಗ ಎಡಗಡೆಯ ಒಂದು ಸಿಲಿಂಡರ್ ಸಿಡಿಯಿತು ಎಂದರ್ಥ. ಬಲ ಪೈಪಿನದೂ ಇದೇ ಲಯ, ನಾಲ್ಕು ಅಕ್ಷರ ತಡವಾಗಿ ಎತ್ತಿಕೊಳ್ಳುತ್ತದೆ ಅಷ್ಟೆ. ಎಂಜಿನ್ ನಿಮಿಷಕ್ಕೆ 750 ಸುತ್ತಿನಲ್ಲಿ ಐಡಲ್ ಆಗುತ್ತಿದ್ದರೆ, ಅಂದರೆ ಕಾರು ನಿಂತಲ್ಲೇ ಓಡುತ್ತಿದ್ದರೆ, ಈ ಎಂಟಕ್ಷರದ ಆವರ್ತ ಸೆಕೆಂಡಿಗೆ ಆರು ಸಲಕ್ಕಿಂತ ತುಸು ಹೆಚ್ಚು ಮರಳುತ್ತದೆ. ಎದೆಗೆ ತಾಗುವ ಆ ಮಿಡಿತ ಅದೇ.

ಫೋರ್ಡ್‌ನ ಹಳೆಯ 289 ಮತ್ತು 302 ಘನ ಇಂಚಿನ ವಿ8ಗಳ ಸಿಡಿತದ ಕ್ರಮ ಬೇರೆ, ಸಿಲಿಂಡರ್‌ಗಳ ನಂಬರೂ ಬೇರೆ. ಆದರೂ ಸಾಲಿನ ಲಯ ಲೆಕ್ಕ ಹಾಕಿದರೆ ಇದೇ 3-2-1-2 ಬರುತ್ತದೆ. ಕ್ರ್ಯಾಂಕಿನ ತೋಳುಗಳು ಒಂದಕ್ಕೊಂದು 90 ಡಿಗ್ರಿಯಲ್ಲಿ, ಎದುರಿನಿಂದ ನೋಡಿದರೆ ಶಿಲುಬೆಯಾಕಾರದಲ್ಲಿ ಇರುವುದೇ ಇದಕ್ಕೆ ಕಾರಣ. ಇದನ್ನು ಕ್ರಾಸ್-ಪ್ಲೇನ್ ಕ್ರ್ಯಾಂಕ್ ಎನ್ನುತ್ತಾರೆ. ಫೆರಾರಿಯ ವಿ8ಗಳಲ್ಲಿ ತೋಳುಗಳೆಲ್ಲ ಒಂದೇ ಸಮತಲದಲ್ಲಿರುವುದರಿಂದ ಪ್ರತಿ ಸಾಲಿನಲ್ಲೂ ಲಯ ಸಮ, ಎರಡೆರಡು ಅಕ್ಷರಕ್ಕೊಂದು ಪೆಟ್ಟು. ಅವು ಕೂಗುತ್ತವೆ, ಗುಡುಗುವುದಿಲ್ಲ. ಸಿಲಿಂಡರ್ ಎಂಟೇ ಆದರೂ ಸದ್ದು ಬೇರೆ.

ಮುಂದಿನ ಕೆಲಸವನ್ನೆಲ್ಲ ಒಂದೇ ಪ್ರಶ್ನೆಯಿಂದ ಅಳೆಯಬಹುದು: ನಾನು ಬದಲಿಸುತ್ತಿರುವ ಭಾಗ ಈ ಏರುಪೇರಿನ ಲಯವನ್ನು ಉಳಿಸುತ್ತದೆಯೋ, ಅಳಿಸುತ್ತದೆಯೋ?

ಜೋರು ಬೇರೆ, ಗುಣ ಬೇರೆ

ಸಿಡಿತದ ಒಂದೊಂದು ಪೆಟ್ಟಿನಲ್ಲೂ ಹಲವು ಕಂಪನಾಂಕಗಳು ಬೆರೆತಿರುತ್ತವೆ. ಗುಡುಗು ಇರುವುದು ತಳದಲ್ಲಿ, ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ. ಕಿವಿಗೆ ಚುಚ್ಚುವ ಕರ್ಕಶ ದನಿ ಸಾವಿರ ಹರ್ಟ್ಸ್‌ನ ಮೇಲೆ. ನಮ್ಮ ಕಿವಿ ತಳದ ಸ್ವರಗಳಿಗಿಂತ ಮೇಲಿನವಕ್ಕೆ ಹೆಚ್ಚು ಚುರುಕು. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಹೊರಬಿಟ್ಟರೆ ಮೊದಲು ಕೇಳುವುದು ಕರ್ಕಶವೇ. ಸೈಲೆನ್ಸರ್ ತೆಗೆದ ಕಾರಿನ ತೊಂದರೆ ಇದೇ. ಆಗಬೇಕಾದ್ದು ತಳದ್ದನ್ನು ಬಿಟ್ಟು ಮೇಲಿನದ್ದನ್ನು ಹಿಡಿಯುವ ಕೆಲಸ.

ಡೆಸಿಬೆಲ್ ಬಗ್ಗೆ ಒಂದು ಮಾತು. 3 ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಇಮ್ಮಡಿ. ಆದರೆ ಕಿವಿಗೆ ಇಮ್ಮಡಿ ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಹಾಗಿದ್ದರೂ 4–5 ಡೆಸಿಬೆಲ್ ಏರಿಕೆಯೇ ಕಾರಿನ ಸ್ವಭಾವ ಬದಲಾದಂತೆ ಕೇಳಿಸಲು ಸಾಕು.

ಮೊದಲು ಸೈಲೆನ್ಸರ್

ಒಂದೇ ಒಂದು ಭಾಗ ಬದಲಿಸುವಷ್ಟು ದುಡ್ಡಿದ್ದರೆ ಅದು ಸೈಲೆನ್ಸರ್ ಆಗಲಿ. ಅಮೆರಿಕದ ಅಂಗಡಿಯಲ್ಲಿ ಮಫ್ಲರ್ ಎಂದು ಕೇಳಬೇಕು. ಸೈಲೆನ್ಸರ್ ಎರಡು ರೀತಿಯಲ್ಲಿ ಸದ್ದು ತಗ್ಗಿಸುತ್ತದೆ: ಒಳಗಿನ ತಗಡಿನ ಗೋಡೆಗಳಿಗೆ ಬಡಿದು ಹಿಂತಿರುಗಿದ ಅಲೆಗಳು ಒಂದನ್ನೊಂದು ಕೊಲ್ಲುವಂತೆ ಮಾಡಿ, ಇಲ್ಲವೇ ನಾರಿನ ಪದರದಲ್ಲಿ ಅಲೆಯನ್ನು ಹೀರಿಕೊಂಡು. ಮಾರುಕಟ್ಟೆಯಲ್ಲಿರುವ ನೂರಾರು ಹೆಸರುಗಳೆಲ್ಲ ಈ ಎರಡರ ಬೇರೆ ಬೇರೆ ಬೆರಕೆಗಳು.

ಚೇಂಬರ್ ಸೈಲೆನ್ಸರ್‌ನಲ್ಲಿ ನಾರು ಇರುವುದಿಲ್ಲ, ವೆಲ್ಡ್ ಮಾಡಿದ ಗೋಡೆಗಳಿಂದ ಎರಡು ಅಥವಾ ಮೂರು ಕೋಣೆಗಳಿರುತ್ತವೆ. ಎರಡು ಕೋಣೆಯದ್ದು ಜೋರು, ಮೂರು ಕೋಣೆಯದ್ದು ಸೌಮ್ಯ. ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುವುದರಿಂದ ಅಮೆರಿಕದ ಬೀದಿಯ ಮಸಲ್ ಕಾರಿನ ಸದ್ದು ಎಂದೊಡನೆ ಹಲವರ ಕಿವಿಯಲ್ಲಿ ಮೂಡುವುದು ಇದೇ. ಫ್ಲೋಮಾಸ್ಟರ್‌ನ 40 ಸೀರೀಸ್ ಇದಕ್ಕೆ ಪ್ರಸಿದ್ಧ. ಕೊರತೆಯೆಂದರೆ ಹೆದ್ದಾರಿಯಲ್ಲಿ ಕಾರಿನೊಳಗೆ ಗುಂಯ್ ಎನ್ನುವುದು. ಅದರ ಪರಿಹಾರ ಮುಂದಿದೆ.

ಗ್ಲಾಸ್‌ಪ್ಯಾಕ್ ಎಂದರೆ ರಂಧ್ರಗಳಿರುವ ನೇರ ಪೈಪು, ಅದರ ಸುತ್ತ ಫೈಬರ್‌ಗ್ಲಾಸ್ ನಾರು, ಮೇಲೊಂದು ಕವಚ. ನಾರು ಮೇಲಿನ ಸ್ವರಗಳನ್ನು ಹೀರುತ್ತದೆ, ತಳದ್ದನ್ನು ಬಿಡುತ್ತದೆ. ಇದು ನಮಗೆ ಬೇಕಾದ ಗುಣವೇ. ಕೆಂಪು ಬಣ್ಣದ ಚೆರ್ರಿ ಬಾಂಬ್ ಈ ಜಾತಿಯದು. ಆದರೆ ಬಿಸಿಗೂ ಅನಿಲದ ಹೊಡೆತಕ್ಕೂ ನಾರು ವರ್ಷಗಳಲ್ಲಿ ಸುಟ್ಟು, ಪುಡಿಯಾಗಿ ಹಾರಿಹೋಗುತ್ತದೆ. ಹಾಕಿದ ದಿನ ಇಂಪಾಗಿದ್ದದ್ದು ಕೊನೆಗೆ ಖಾಲಿ ಡಬ್ಬಿಯಾಗುತ್ತದೆ. ಗಿಡ್ಡದ್ದಕ್ಕಿಂತ ಉದ್ದನೆಯದನ್ನು ಆರಿಸುವುದು ಒಳ್ಳೆಯದು: ನಾರಿನ ಉದ್ದ ಹೆಚ್ಚಿದಷ್ಟೂ ಕರ್ಕಶ ಕಡಿಮೆ. ಈಗಿನ ಸ್ಟೇನ್‌ಲೆಸ್ ನೇರಮಾರ್ಗದ ಸೈಲೆನ್ಸರ್‌ಗಳೂ ಇದೇ ತತ್ವದವು. ನಾರಿನ ಮುಂದೆ ಉಕ್ಕಿನ ಉಣ್ಣೆಯ ಪದರ ಕೊಟ್ಟಿದ್ದರೆ ಬಾಳಿಕೆ ಹೆಚ್ಚು.

ಮೂರನೆಯದು ಟರ್ಬೊ ಸೈಲೆನ್ಸರ್. 1960ರ ದಶಕದ ಟರ್ಬೊ ಎಂಜಿನ್ನಿನ ಷೆವ್ರೊಲೆ ಕೊರ್ವೇರ್‌ನಲ್ಲಿ ಬಂದ ದೊಡ್ಡ ಹರಿವಿನ ಸೈಲೆನ್ಸರ್ ಅನ್ನು ಹಾಟ್‌ರಾಡ್ ಹುಡುಗರು, ಅಂದರೆ ಕಾರುಗಳ ವೇಗ ಹೆಚ್ಚಿಸುವ ಹವ್ಯಾಸಿಗಳು, ತಮ್ಮ ವಿ8ಗಳಿಗೆ ಹಾಕತೊಡಗಿದ್ದರಿಂದ ಈ ಹೆಸರು ನಿಂತಿತು. ಅನಿಲ ಒಳಗೆ ‘ಎಸ್’ ಆಕಾರದಲ್ಲಿ ತಿರುಗಿ ಹೊರಬರುತ್ತದೆ. ಫ್ಯಾಕ್ಟರಿಯ ಸದ್ದಿಗಿಂತ ಒಂದು ಮೆಟ್ಟಿಲು ಮೇಲೆ, ಚೇಂಬರಿಗಿಂತ ಒಂದು ಮೆಟ್ಟಿಲು ಕೆಳಗೆ. ದೂರ ಪ್ರಯಾಣ ಮಾಡುವವರಿಗೆ, ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರಿಗೆ ಇದೇ ಸರಿ.

ಕಂಪನಿಗಳೇ ಆ ಕಾಲದಲ್ಲಿ ಈ ಪ್ರಯೋಗಗಳನ್ನು ಮಾಡಿದ್ದವು. 1969ರ ಕಮಾರೋಗೆ ಎನ್‌ಸಿ8 ಎಂಬ ಸಂಕೇತದಲ್ಲಿ, ಪೈಪಿನೊಳಗೇ ಸಣ್ಣ ಕೋಣೆಗಳಿರುವ ಎಕ್ಸಾಸ್ಟ್ (ಹೊಗೆ ಹೊರಹೋಗುವ ವ್ಯವಸ್ಥೆ) ಸಿಗುತ್ತಿತ್ತು. 1970ರ ಜಿಟಿಒಗೆ ಸ್ವಲ್ಪ ಕಾಲ ಒಂದು ಗುಂಡಿ ಬಂದಿತ್ತು: ಎಳೆದರೆ ನಿರ್ವಾತದ ಬಲದಿಂದ ಸೈಲೆನ್ಸರ್‌ನೊಳಗಿನ ದಾರಿ ತೆರೆದು ಸದ್ದು ಏರುತ್ತಿತ್ತು. 2018ರ ಮಸ್ಟ್ಯಾಂಗ್ ಜಿಟಿಯಲ್ಲಿ, ಬೆಳಗಿನ ಹೊತ್ತು ನೆರೆಯವರ ನಿದ್ದೆ ಕೆಡದಂತೆ ಮೆಲ್ಲನೆ ಸ್ಟಾರ್ಟ್ ಆಗುವ ವಾಲ್ವ್ ವ್ಯವಸ್ಥೆ ಬಂತಲ್ಲ, ಅದರ ಮೂಲ ಕಲ್ಪನೆ ಇಷ್ಟು ಹಳೆಯದು.

ಎಚ್ ಪೈಪೋ, ಎಕ್ಸ್ ಪೈಪೋ

ಎಡ ಸಾಲಿನ ಪೈಪನ್ನೂ ಬಲ ಸಾಲಿನ ಪೈಪನ್ನೂ ಎಲ್ಲಿಯೂ ಸೇರಿಸದೆ ಹಿಂದಿನವರೆಗೆ ಒಯ್ದರೆ ಎರಡೂ ಬದಿಯಲ್ಲಿ 3-2-1-2 ಲಯ ಅಪ್ಪಟವಾಗಿ ಕೇಳುತ್ತದೆ. ಒರಟು, ಹಸಿ ಸದ್ದು. ಆದರೆ 90 ಡಿಗ್ರಿ ಅಂತರದಲ್ಲಿ ಎರಡು ಸಿಡಿತ ಒಂದೇ ಪೈಪಿಗೆ ಬಿದ್ದಾಗ ಒತ್ತಡ ಜಮಾಯಿಸುತ್ತದೆ.

ಎರಡೂ ಪೈಪುಗಳ ನಡುವೆ ಅಡ್ಡಲಾಗಿ ಒಂದು ತುಂಡು ಪೈಪು ಬೆಸೆದರೆ ಎಚ್ ಪೈಪು. ಒತ್ತಡ ಸ್ವಲ್ಪ ಆಚೀಚೆ ಹಂಚಿಹೋಗುತ್ತದೆ, ಮುಖ್ಯ ಹರಿವು ತನ್ನ ದಾರಿಯಲ್ಲೇ ಇರುತ್ತದೆ. ಲಯ ಬಹುಪಾಲು ಉಳಿದು ಅಂಚಿನ ಒರಟುತನ ಹೋಗುತ್ತದೆ. ಎಕ್ಸ್ ಪೈಪಿನಲ್ಲಿ ಎರಡೂ ಹರಿವುಗಳು ಒಂದೇ ಬಿಂದುವಿನಲ್ಲಿ ಕೂಡಿ ಬೇರೆಯಾಗುತ್ತವೆ. ಆಗ ಎರಡೂ ಕಡೆಯ ಬಾಲದ ಪೈಪಿಗೆ ಎಂಟೂ ಸಿಲಿಂಡರ್‌ಗಳ ಪೆಟ್ಟು ಹೆಚ್ಚುಕಡಿಮೆ ಸಮವಾಗಿ ಸೇರುತ್ತದೆ. ಲಯದ ಏರುಪೇರು ಮಾಸಿ, ಸದ್ದು ನುಣುಪಾಗಿ, ಸ್ವರ ಮೇಲಕ್ಕೆ ಏರುತ್ತದೆ. ಶಕ್ತಿಯ ದೃಷ್ಟಿಯಿಂದ ಎಕ್ಸ್‌ನಲ್ಲಿ ತಪ್ಪೇನಿಲ್ಲ, ಹೊಸ ಕಾರುಗಳಿಗೆ ಅದು ಒಪ್ಪುತ್ತದೆ. 1960ರ ದಶಕದ ಗುಡುಗು ಬೇಕೆಂದರೆ ಎಚ್.

ಎಚ್ ಅನ್ನು ಎಲ್ಲಿ ಬೆಸೆಯಬೇಕು? ಹಳೆಯ ಮೆಕ್ಯಾನಿಕ್‌ಗಳ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಎಂಜಿನ್ನಿನಿಂದ ಇಳಿದು ಹಿಂದಕ್ಕೆ ಹೋಗುವ ಪೈಪುಗಳ ಮೇಲೆ, ಬಿಸಿ ತಾಳದ ಸಾಧಾರಣ ಸ್ಪ್ರೇ ಪೇಂಟ್ ಹೊಡೆದು ಒಣಗಿಸಿ, ಕಾರನ್ನು ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಬರಬೇಕು. ಬಣ್ಣ ಸುಟ್ಟು ಹೋದದ್ದು ಎಲ್ಲಿಗೆ ನಿಂತಿದೆಯೋ ಅದರ ಹತ್ತಿರ ಅಡ್ಡಪೈಪು ಕೂರಿಸಿ. ಗೇರ್‌ಬಾಕ್ಸಿನ ಅಡ್ಡಪಟ್ಟಿ ಆ ಜಾಗದಲ್ಲೇ ಬಂದರೆ ಕೆಲವು ಇಂಚು ಹಿಂದೆಮುಂದೆ ಆದರೂ ತೊಂದರೆಯಿಲ್ಲ. ಅಡ್ಡಪೈಪಿನ ವ್ಯಾಸ ಮುಖ್ಯ ಪೈಪಿನಷ್ಟೇ ಇರಲಿ, ಎರಡು ಇಂಚಿಗಿಂತಲಂತೂ ಕಡಿಮೆ ಬೇಡ.

ಪೈಪಿನ ವ್ಯಾಸ ಮತ್ತು ‘ಬ್ಯಾಕ್ ಪ್ರೆಶರ್’

ಎಂಜಿನ್ನಿಗೆ ಹಿಂದೊತ್ತಡ ಬೇಕೇ ಬೇಕು ಎಂಬ ಮಾತು ಗ್ಯಾರೇಜುಗಳಲ್ಲಿ ಎಲ್ಲೆಡೆ ಕೇಳುತ್ತದೆ. ಅದು ನಿಜವಲ್ಲ. ಎಂಜಿನ್ನಿಗೆ ಬೇಕಾದ್ದು ಅನಿಲದ ವೇಗ. ಪೈಪಿನಲ್ಲಿ ವೇಗವಾಗಿ ಹೋಗುವ ಪೆಟ್ಟು ತನ್ನ ಹಿಂದೆ ಒತ್ತಡ ತಗ್ಗಿಸಿ ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ತೀರ ದಪ್ಪ ಪೈಪು ಹಾಕಿದರೆ ವೇಗ ಬಿದ್ದು, ಕಡಿಮೆ ಸುತ್ತಿನಲ್ಲಿ ಎಳೆತ ಕುಗ್ಗುತ್ತದೆ. ಇದನ್ನು ಕಂಡವರು ಹಿಂದೊತ್ತಡ ಹೋದದ್ದೇ ಕಾರಣ ಎಂದು ತಿಳಿದುಕೊಂಡರು.

ಸುಮಾರು 300 ಅಶ್ವಶಕ್ತಿಯ 350 ಎಂಜಿನ್ನಿಗೆ ಎರಡೂ ಬದಿಗೆ ಎರಡೂವರೆ ಇಂಚಿನ, ಅಂದರೆ 63.5 ಮಿಲಿಮೀಟರ್ ಪೈಪು ಸಾಕು. ಮೂರಿಂಚು ಹಾಕಿದರೆ ಸದ್ದು ಪೊಳ್ಳಾಗುತ್ತದೆ, ಹಿಂದಿನ ಆಕ್ಸಲ್ ಮೇಲೆ ದಾಟಿಸಲು ಜಾಗ ಸಾಲದು, ನೆಲಕ್ಕೂ ಉಜ್ಜುತ್ತದೆ. ಬಗ್ಗಿಸುವಾಗ ಒಳಗಿನ ವ್ಯಾಸ ಕುಗ್ಗದ ಮ್ಯಾಂಡ್ರೆಲ್ ಬೆಂಡ್ ಕೇಳಿ ಮಾಡಿಸಿ. ಸಾಮಾನ್ಯ ಬೆಂಡಿನಲ್ಲಿ ತಿರುವು ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ. ಲೋಹದಲ್ಲಿ ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ, ಸದ್ದೂ ಗಂಭೀರ. 409 ದರ್ಜೆಯ ಸ್ಟೇನ್‌ಲೆಸ್ ಉಕ್ಕು ಮೇಲ್ಮೈಯಲ್ಲಿ ಕೆಂಪಗಾದರೂ ಬಾಳುತ್ತದೆ. 304 ದರ್ಜೆಯದು ಅತಿ ಹೆಚ್ಚು ಬಾಳುತ್ತದೆ, ಆದರೆ ತೆಳು ಗೋಡೆಯದಾದರೆ ಸದ್ದಿಗೆ ಕಂಚಿನಂಥ ಝಲಕು ಬರುತ್ತದೆ. 16 ಗೇಜ್ ದಪ್ಪಕ್ಕಿಂತ ತೆಳುವಾದದ್ದು ಬೇಡ.

ಹೆಡರ್ ಹಾಕಿದರೆ ಏನಾಗುತ್ತದೆ

ಫ್ಯಾಕ್ಟರಿಯ ಬೀಡು ಕಬ್ಬಿಣದ ಮ್ಯಾನಿಫೋಲ್ಡ್, ಅಂದರೆ ಸಾಲಿನ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಭಾಗ, ದಪ್ಪಗಿದ್ದು ಎಂಜಿನ್ ಬಳಿಯ ಟಿಕಟಿಕ ಸದ್ದನ್ನೆಲ್ಲ ನುಂಗುತ್ತದೆ. ಅದರ ಬದಲಿಗೆ ಹಾಕುವ ಹೆಡರ್‌ನಲ್ಲಿ ಪ್ರತಿ ಸಿಲಿಂಡರಿಗೂ ಬೇರೆ ಕೊಳವೆ. ಷೆವ್ರೊಲೆಯ ಎಡ ಸಾಲಿನಲ್ಲಿ 5 ಮತ್ತು 7 ಪಕ್ಕಪಕ್ಕದವು, ಒಂದರ ಬೆನ್ನಿಗೇ ಇನ್ನೊಂದು ಸಿಡಿಯುತ್ತವೆ. ಮ್ಯಾನಿಫೋಲ್ಡಿನಲ್ಲಿ ಅವು ಒಂದರ ಮೇಲೊಂದು ಬೀಳುತ್ತವೆ, ಹೆಡರ್‌ನಲ್ಲಿ ಬೇರೆಯಾಗಿ ಸಾಗುತ್ತವೆ. ಹಾಗಾಗಿ ಲಯ ಕೆಡದೆ ಪೆಟ್ಟುಗಳು ಮಾತ್ರ ಚೂಪಾಗುತ್ತವೆ. 350ಕ್ಕೆ 1⅝ ಇಂಚಿನ ಕೊಳವೆಯ ಹೆಡರ್ ಸರಿ.

ಕಷ್ಟಗಳೂ ಇವೆ. ಗ್ಯಾಸ್ಕೆಟ್ ಸೋರುವುದು ಎಲ್ಲಕ್ಕಿಂತ ಸಾಮಾನ್ಯ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತಗಳಲ್ಲಿ, ಸುಮಾರು 27–34 ನ್ಯೂಟನ್ ಮೀಟರ್‌ಗೆ ಬಿಗಿದು, ಎಂಜಿನ್ ಒಮ್ಮೆ ಪೂರ್ತಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕು. ಮೊದಲ ಕೆಲವು ಓಟಗಳವರೆಗೂ ಹೀಗೇ. ಕೊಳವೆಗೆ ತಾಗಿದ ಸ್ಪಾರ್ಕ್ ಪ್ಲಗ್ ವೈರು ಸುಟ್ಟು ಒಂದು ಸಿಲಿಂಡರ್ ಸತ್ತರೆ ಲಯವೇ ಹೋಯಿತು. ಷೆವ್ರೊಲೆಯಲ್ಲಿ ಸ್ಟಾರ್ಟರ್ ಮೋಟಾರ್ ಹೆಡರಿನ ಪಕ್ಕದಲ್ಲೇ ಇರುವುದರಿಂದ, ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಅದು ಸೋತು ನರಳುತ್ತದೆ. ನಡುವೆ ಬಿಸಿ ತಡೆಯುವ ತಗಡು ಕಟ್ಟಬೇಕು. ಸೆರಾಮಿಕ್ ಲೇಪದ ಹೆಡರ್ ಕೊಂಡರೆ ಬಿಸಿಯೂ ಕಡಿಮೆ, ತುಕ್ಕೂ ಕಡಿಮೆ.

ಹೆಡರ್ ಹಾಕಿದ ಮೇಲೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ನೋಡಲೇಬೇಕು. ಗಾಳಿ ಸಲೀಸಾಗಿ ಹರಿಯುವುದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಒಡೆಯುತ್ತದೆ. ಮೊದಲು ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ, ಏಕೆಂದರೆ ಸೋರುವ ಜಾಗದಿಂದ ಒಳನುಗ್ಗಿದ ಗಾಳಿಯೂ ಇದೇ ಸದ್ದು ಮಾಡಿಸುತ್ತದೆ. ಆಮೇಲೆ ಪ್ಲಗ್ ಬಿಚ್ಚಿ ನೋಡಿ: ಪಿಂಗಾಣಿ ಸುಣ್ಣದಂತೆ ಬಿಳಿಚಿದ್ದರೆ ಪೆಟ್ರೋಲ್ ಬಿಡುವ ಮುಖ್ಯ ಜೆಟ್ಟನ್ನು ಒಂದೆರಡು ನಂಬರ್ ದೊಡ್ಡದು ಹಾಕಬೇಕು.

ಎಕ್ಸಾಸ್ಟ್ ಕೊಡಲಾರದ ಸದ್ದು

ನಿಂತಲ್ಲೇ ಕಾರು ಕುಲುಕುತ್ತ, ಐಡಲ್ ತಪ್ಪಿ ತಪ್ಪಿ ಹಿಡಿದುಕೊಳ್ಳುವ ಸದ್ದು ಕೆಲವರಿಗೆ ಬೇಕಿರುತ್ತದೆ. ಅದು ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟಿನದು. ಒಳಬರುವ ಮತ್ತು ಹೊರಹೋಗುವ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚಿದ್ದರೆ ಐಡಲ್‌ನಲ್ಲಿ ಸುಟ್ಟ ಹೊಗೆ ಹೊಸ ಮಿಶ್ರಣದೊಡನೆ ಬೆರೆತು ಸಿಡಿತ ಏರುಪೇರಾಗುತ್ತದೆ. ಸೈಲೆನ್ಸರ್ ಎಷ್ಟು ಬದಲಿಸಿದರೂ ಇದು ಬಾರದು. ಇಂಥ ಕ್ಯಾಮ್ ಹಾಕಿದರೆ ಎಂಜಿನ್ನಿನ ನಿರ್ವಾತ ಕುಸಿಯುತ್ತದೆ ಎಂಬುದು ನೆನಪಿರಲಿ: ಬ್ರೇಕ್ ಬೂಸ್ಟರ್ ಕೆಲಸ ಮಾಡುವುದೇ ಆ ನಿರ್ವಾತದಿಂದ, ಅದು ಸಾಲದೆ ಹೋದರೆ ಪೆಡಲ್ ಕಲ್ಲಾಗುತ್ತದೆ.

ಜೋಡಿಸುವಾಗ

ಎಲ್ಲವನ್ನೂ ಮೊದಲು ಸಡಿಲವಾಗಿ ತೂಗುಹಾಕಿ, ಕೀಲುಗಳಲ್ಲಿ ಒಂದು ಪೈಪು ಇನ್ನೊಂದರೊಳಗೆ 40–50 ಮಿಲಿಮೀಟರ್ ಕೂರುವಂತೆ ಹೊಂದಿಸಿ. ಡ್ರೈವ್‌ಶಾಫ್ಟ್, ಸ್ಟಿಯರಿಂಗ್, ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗಳಿಂದ ಎಲ್ಲ ಕಡೆ ಕನಿಷ್ಠ ಒಂದಿಂಚು ದೂರವಿರಲಿ. ಹಿಂದಿನ ಆಕ್ಸಲ್ ಪೂರ್ತಿ ಮೇಲೆದ್ದಾಗಲೂ ಪೂರ್ತಿ ಇಳಿದಾಗಲೂ ತಾಗುವುದಿಲ್ಲವೆಂದು ಜಾಕ್ ಕೊಟ್ಟು ನೋಡಿದ ಮೇಲೇ ಚುಕ್ಕಿ ವೆಲ್ಡ್. ಪೆಟ್ರೋಲ್ ಟ್ಯಾಂಕಿನ ಹತ್ತಿರದ ತುಂಡನ್ನು ಕಾರಿನ ಕೆಳಗೆ ಎಂದೂ ವೆಲ್ಡ್ ಮಾಡಬೇಡಿ, ಬಿಚ್ಚಿ ಹೊರಗೆ ತಂದು ಮಾಡಿ. ವೆಲ್ಡಿಗೆ ಮುಂಚೆ ಬ್ಯಾಟರಿ ತೆಗೆದಿರಲಿ, ಸತುವಿನ ಲೇಪವಿರುವ ಪೈಪನ್ನು ಬಳಸಲೇಬೇಡಿ; ಅದರ ಹೊಗೆ ವಿಷ.

ಮೂರು ಮೀಟರ್ ಉದ್ದದ ಉಕ್ಕಿನ ಪೈಪು 300 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದು ಸೆಂಟಿಮೀಟರ್ ಹಿಗ್ಗುತ್ತದೆ, 304 ಸ್ಟೇನ್‌ಲೆಸ್ ಒಂದೂವರೆ. ತೂಗುಹಾಕುವ ಕೊಂಡಿಗಳು ರಬ್ಬರಿನವಾಗಿರಬೇಕಾದ್ದು ಇದಕ್ಕೇ. ಕಬ್ಬಿಣದ ಕೊಂಡಿಯಲ್ಲಿ ಬಿಗಿದರೆ ಎಲ್ಲಾದರೂ ಬಿರುಕು ಬಿಡುತ್ತದೆ, ಜೊತೆಗೆ ಕಂಪನವೆಲ್ಲ ಕಾರಿನ ಒಡಲಿಗೆ ಏರುತ್ತದೆ. ಸೈಲೆನ್ಸರ್‌ನ ತೀರ ತಳದಲ್ಲಿ 3 ಮಿಲಿಮೀಟರಿನ ತೂತು ಇದ್ದರೆ ಒಳಗೆ ಕಟ್ಟುವ ನೀರು ಇಳಿದುಹೋಗಿ ತುಕ್ಕು ತಡವಾಗುತ್ತದೆ.

ಬಾಲದ ಪೈಪು ಬಂಪರನ್ನು ದಾಟಿ ಹೊರಬರಲಿ. ಆಕ್ಸಲ್‌ಗಿಂತ ಮುಂಚೆಯೇ ಕೆಳಕ್ಕೆ ಬಿಟ್ಟರೆ ಸದ್ದು ಕಾರಿನ ನೆಲಕ್ಕೆ ಬಡಿಯುತ್ತದೆ. ಅದಕ್ಕಿಂತ ಗಂಭೀರವಾದ್ದು ಕಾರ್ಬನ್ ಮೊನಾಕ್ಸೈಡ್: ಐವತ್ತು ವರ್ಷ ಹಳೆಯ ಡಿಕ್ಕಿಯ ರಬ್ಬರ್ ಪಟ್ಟಿ, ನೆಲದ ತೂತುಗಳ ಮೂಲಕ ಅದು ಒಳಬಂದರೆ ವಾಸನೆಯಿಂದ ಗೊತ್ತಾಗುವುದಿಲ್ಲ.

ಒಳಗಿನ ಗುಂಯ್‌ಗುಡುವಿಕೆ

ಹೆದ್ದಾರಿಯಲ್ಲಿ ಎಂಜಿನ್ 2000 ಸುತ್ತಿನ ಆಸುಪಾಸು ಇರುವಾಗ ತಲೆನೋವು ತರುವಂಥ ಒಂದೇ ಸ್ವರ ಕಾರಿನೊಳಗೆ ತುಂಬುವುದುಂಟು. ಇದೇ ಡ್ರೋನ್. 2000 ಸುತ್ತಿನಲ್ಲಿ ಸೆಕೆಂಡಿಗೆ 133 ಸಿಡಿತ; ಆ ಸ್ವರಕ್ಕೆ ಕಾರಿನ ಒಳಕೋಣೆ ಅನುರಣಿಸಿದರೆ ಡ್ರೋನ್ ಹುಟ್ಟುತ್ತದೆ. ದೊಡ್ಡ ಸೈಲೆನ್ಸರ್ ಹಾಕಿದರೆ ಅದರೊಡನೆ ಗುಡುಗೂ ಹೋದೀತು. ಆ ಒಂದು ಸ್ವರವನ್ನಷ್ಟೇ ಕೊಲ್ಲಲು ಮುಖ್ಯ ಪೈಪಿಗೆ ತುದಿ ಮುಚ್ಚಿದ ಕವಲು ಪೈಪೊಂದನ್ನು ಬೆಸೆಯಬೇಕು. ಅಲೆ ಕವಲಿನ ತುದಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಬಿದ್ದು, ಮುಖ್ಯ ಅಲೆಗೆ ಎದುರಾಗಿ ಅದನ್ನು ಅಳಿಸುತ್ತದೆ. ಕವಲಿನ ಉದ್ದ ಎಂದರೆ ಶಬ್ದದ ವೇಗವನ್ನು ಕಂಪನಾಂಕದ ನಾಲ್ಕರಷ್ಟರಿಂದ ಭಾಗಿಸಿದ್ದು. ಕವಲಿನೊಳಗಿನ ಅನಿಲ 150 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 410 ಮೀಟರ್. 133 ಹರ್ಟ್ಸ್‌ಗೆ ಉದ್ದ ಸುಮಾರು 77 ಸೆಂಟಿಮೀಟರ್. ನಿಮ್ಮ ಕಾರಿನ ಸ್ವರ ಯಾವುದೆಂದು ಶಬ್ದದ ಕಂಪನಾಂಕ ತೋರಿಸುವ ಫೋನಿನ ಆ್ಯಪ್‌ನಿಂದ ಮೊದಲು ಅಳೆದುಕೊಳ್ಳಿ. ಕವಲನ್ನು ತುಸು ಉದ್ದ ಮಾಡಿ, ಸರಿಯುವ ಮುಚ್ಚಳ ಹಾಕಿ, ಓಡಿಸಿ ನೋಡಿ ಸರಿಹೊಂದಿಸಿದ ಮೇಲೆ ಬೆಸೆದರೆ ಲೆಕ್ಕದ ಸಣ್ಣ ವ್ಯತ್ಯಾಸ ಬಾಧಿಸದು. ಎರಡು ಪೈಪಿನ ಕಾರಿಗೆ ಎರಡು ಕವಲು ಬೇಕು.

ಕಾನೂನಿನ ಗೆರೆ

ಕ್ಯಾಲಿಫೋರ್ನಿಯಾದಲ್ಲಿ 6000 ಪೌಂಡಿಗಿಂತ ಕಡಿಮೆ ತೂಕದ ವಾಹನಗಳಿಗೆ 95 ಡೆಸಿಬೆಲ್ ಮಿತಿ. ಬಾಲದ ಪೈಪಿನಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಬೇರೆ ರಾಜ್ಯಗಳ ನಿಯಮ ಬೇರೆ. ಕೆಲಸಕ್ಕೆ ಮುಂಚೆ ತಿಳಿದುಕೊಳ್ಳಬೇಕು. ಅಮೆರಿಕದ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಬಂದದ್ದು 1975ರ ಮಾದರಿಗಳಿಂದ. ಅದಕ್ಕಿಂತ ಹಳೆಯವಕ್ಕೆ ಆ ಚಿಂತೆಯಿಲ್ಲ. ಹೊಸ ಕಾರುಗಳಲ್ಲಿ ಅದನ್ನು ತೆಗೆಯುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ. ಕನ್ವರ್ಟರ್‌ನಿಂದ ಹಿಂದಿನ ಭಾಗವನ್ನಷ್ಟೇ ಮುಟ್ಟಬೇಕು.

ಭಾರತದಲ್ಲಿ ಗೆರೆ ಇನ್ನೂ ಬಿಗಿ. 2016ರಲ್ಲಿ ಇಲ್ಲಿಗೆ ಬಂದ 5 ಲೀಟರ್ ವಿ8 ಮಸ್ಟ್ಯಾಂಗ್‌ನ ಒಡೆಯರಿಗೂ ಬುಲೆಟ್ ಓಡಿಸುವವರಿಗೂ ಒಂದೇ ಕಾನೂನು: ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಶಬ್ದದ ಮಾನದಂಡ ಮೀರಿದರೆ 190ನೇ ಸೆಕ್ಷನ್ನಿನಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆಯೂ ಇದೆ.